ಮೂವತ್ತರಲ್ಲಿ ಮತ್ತೆ ವಿದ್ಯಾರ್ಥಿ

ನಮ್ಮ ಹಾಗೇ ಊರು, ಭಾಷೆ ಬಿಟ್ಟು ಮ್ಯೂನಿಕ್‌ಗೆ ಬಂದವರಲ್ಲಿ ಚಿತ್ರಕಾರ ವಾಸಿಲಿ ಕ್ಯಾಂಡಿನ್‌ಸ್ಕಿಯೂ ಒಬ್ಬ. 1866ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕಾನೂನು, ಅರ್ಥಶಾಸ್ತ್ರ ಓದಿ ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳುತ್ತಿದ್ದ. ಒಂದು ಪ್ರದರ್ಶನದಲ್ಲಿ ಮೋನೆ ಬಿಡಿಸಿದ ಹುಲ್ಲಿನ ಬಣವೆ ಕಂಡ. ಅದು ಬಣವೆ ಅಂತ ಮೊದಲು ಗೊತ್ತಾಗಲೇ ಇಲ್ಲ, ಆದರೆ ಬಣ್ಣ ಮನಸ್ಸು ಬಿಟ್ಟು ಹೋಗಲಿಲ್ಲ. 1896ರಲ್ಲಿ ಕೈಗೆ ಬಂದಿದ್ದ ಪ್ರೊಫೆಸರ್ ಹುದ್ದೆ ಬೇಡವೆಂದು ಚಿತ್ರ ಕಲಿಯಲು ಇಲ್ಲಿಗೆ ಬಂದ.

ಆಂಟನ್ ಅಜ್ಬೆಯ ಖಾಸಗಿ ಶಾಲೆಯಲ್ಲಿ ತನಗಿಂತ ಚಿಕ್ಕವರ ಜೊತೆ ಕೂತು ಮನುಷ್ಯರ ಮೈಕಟ್ಟು ಬಿಡಿಸುವುದನ್ನು ಕಲಿತ. ಕಲಾ ಅಕಾಡೆಮಿಯಲ್ಲಿ ಫ್ರಾಂಜ್ ಫಾನ್ ಸ್ಟುಕ್ ಮೊದಲ ಸಲ ಸೇರಿಸಿಕೊಳ್ಳಲಿಲ್ಲ. ಇನ್ನೊಂದು ವರ್ಷ ಡ್ರಾಯಿಂಗ್ ಮಾಡಿ ಬಾ ಅಂದುಬಿಟ್ಟ. ಈತ ಹಾಗೇ ಮಾಡಿದ. 1900ರಲ್ಲಿ ಸೀಟು ಸಿಕ್ಕಿತು. ಮರುವರ್ಷ ಗೆಳೆಯರೊಡನೆ ಫಾಲಾಂಕ್ಸ್ ಬಳಗ ಕಟ್ಟಿ, ಅದರ ಶಾಲೆಯಲ್ಲಿ ತಾನೇ ಮೇಷ್ಟ್ರಾದ.

1914ರ ಯುದ್ಧದಲ್ಲಿ ರಷ್ಯನ್ ಅನ್ನೋ ಕಾರಣಕ್ಕೆ ಜರ್ಮನಿ ಬಿಡಬೇಕಾಯ್ತು. ಆಮೇಲೆ ಮರಳಿ ಬಂದು 1922ರಿಂದ ಬೌಹೌಸ್‌ನಲ್ಲಿ ಕಲಿಸಿದ. 1933ರಲ್ಲಿ ನಾಜಿಗಳ ಕಾಟಕ್ಕೆ ಅದೂ ಮುಚ್ಚಿತು. ಪ್ಯಾರಿಸ್ ಪಕ್ಕದಲ್ಲಿ ನೆಲೆಸಿ 1944ರಲ್ಲಿ ತೀರಿಕೊಂಡ.

ಶಿಫ್ಟ್ ಮುಗಿಸಿ ಸಂಜೆ ಡ್ರಾಯಿಂಗ್ ಕ್ಲಾಸಿಗೆ ಹೋಗುವ ನನಗೀಗ ನಲವತ್ತೊಂದು. ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ಊರಿಂದ ಫೋನಲ್ಲಿ ಕೇಳ್ತಾರೆ. ಆತನ ಪ್ರತಿಭೆ ನನಗಿಲ್ಲ. ಆದರೆ ಇನ್ನೂ ಕಲಿತು ಬಾ ಅನ್ನಿಸಿಕೊಂಡ ಮೇಲೂ ಪೆನ್ಸಿಲ್ ಹಿಡಿಯೋದು ಪ್ರತಿಭೆಯ ಮಾತಲ್ಲ, ಅದು ನಮ್ಮ ಕೈಲೂ ಆಗುತ್ತೆ.