ಸರ್ ಸಿ. ವಿ. ರಾಮನ್: ಕೈಯಿಂದ ಮಾಡಿ ಕಲಿತ ವಿಜ್ಞಾನಿ

ವಿಜ್ಞಾನವೆಂದರೆ ಕಂಠಪಾಠ ಮಾಡಿ ಅಂಕ ಗಳಿಸುವ ವಿಷಯವೆಂಬ ಭಾವನೆ ನಮ್ಮ ಮಕ್ಕಳಲ್ಲಿ ಬೇರೂರಿದೆ. ಪ್ರಯೋಗವನ್ನು ಮಾಡದೆಯೇ ಅದರ ಫಲಿತಾಂಶವನ್ನು ರೆಕಾರ್ಡ್ ಪುಸ್ತಕದಲ್ಲಿ ನಕಲು ಮಾಡುವ ವಿದ್ಯಾರ್ಥಿಗಳು ಎಷ್ಟೋ ಮಂದಿ. ಇಂತಹ ಸಂದರ್ಭದಲ್ಲಿ ನಮ್ಮ ಬೆಂಗಳೂರಿನಲ್ಲೇ ಬಾಳಿ ಕಣ್ಮರೆಯಾದ ಸರ್ ಸಿ. ವಿ. ರಾಮನ್ ಅವರ ಬದುಕನ್ನು ನಾವು ಸ್ಮರಿಸುವುದು ಉಚಿತ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಪ್ರಿಸಂನ ಕೋನವನ್ನು ಸ್ಪೆಕ್ಟ್ರೋಮೀಟರ್‌ನಿಂದ ಅಳೆಯುವುದು ಅಲ್ಲಿನ ವಿದ್ಯಾರ್ಥಿಗಳೆಲ್ಲರೂ ಮಾಡುತ್ತಿದ್ದ ಸಾಮಾನ್ಯ ಅಭ್ಯಾಸ. ಆದರೆ ಬೆಳಕಿನ ಪಟ್ಟಿಗಳು ಎರಡು ಬದಿಗಳಲ್ಲಿ ಸಮನಾಗಿಲ್ಲದಿರುವುದು ಈ ತರುಣನ ಕಣ್ಣಿಗೆ ಬಿತ್ತು. ಅದರ ಬೆನ್ನುಹತ್ತಿ ಬರೆದ ಪ್ರಬಂಧವು 1906ರಲ್ಲಿ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಅವರಿಗೆ ಕೇವಲ ಹದಿನೆಂಟು ವರ್ಷ.

1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಅವರು ಕಲ್ಕತ್ತೆಗೆ ತೆರಳಿದರು. ಕಚೇರಿಯ ಕೆಲಸಕ್ಕೆ ಮುನ್ನ ಹಾಗೂ ಅದು ಮುಗಿದ ನಂತರ ಭಾರತೀಯ ವಿಜ್ಞಾನ ಸಂಘದ ಪ್ರಯೋಗಾಲಯವೇ ಅವರ ಮನೆಯಾಯಿತು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಅವರು ಸ್ಥಾಪಿಸಿದ ಈ ಸಂಘಕ್ಕೆ ಬೆನ್ನೆಲುಬಾಗಿ ನಿಂತವರು ಬೆಲ್ಜಿಯಂ ದೇಶದ ಯೇಸುಸಭೆಯ ಗುರುಗಳಾದ ಫಾದರ್ ಯೂಜೀನ್ ಲಾಫಾಂಟ್ ಎಂಬುದು ನಮ್ಮ ಸಮುದಾಯಕ್ಕೆ ಹೆಮ್ಮೆಯ ಸಂಗತಿ. ಕಲ್ಕತ್ತೆಯ ಸಂತ ಜೇವಿಯರ್ ಕಾಲೇಜಿನಲ್ಲಿ ಅವರು ಉಪಕರಣಗಳನ್ನು ಮುಂದಿಟ್ಟು, ಪ್ರಯೋಗಗಳನ್ನು ಮಾಡಿ ತೋರಿಸಿಯೇ ಪಾಠ ಹೇಳುತ್ತಿದ್ದರು. ಆ ಪಾಠಗಳಿಂದ ಭೌತವಿಜ್ಞಾನದತ್ತ ಒಲಿದ ಶಿಷ್ಯರೇ ಜಗದೀಶಚಂದ್ರ ಬೋಸ್. ಫಾದರ್ ಲಾಫಾಂಟರು 1908ರಲ್ಲಿ ನಿಧನರಾದರು. ಅವರು ಪೋಷಿಸಿದ ಸಂಘದಲ್ಲಿಯೇ ರಾಮನ್ ಅವರ ಸಾಧನೆ ಅರಳಿತು.

1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆಳೆಯಿತು. ಆಗಸದ ಪ್ರತಿಬಿಂಬವೇ ಸಮುದ್ರದ ನೀಲಿಗೆ ಕಾರಣವೆಂದು ಅಂದು ನಂಬಲಾಗಿತ್ತು. ರಾಮನ್ ಅವರು ತಮ್ಮಲ್ಲಿದ್ದ ನಿಕಲ್ ಪ್ರಿಸಂ ಮೂಲಕ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರು. ಆದರೂ ನೀಲಿ ಅಳಿಯಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರು ಅರಿತರು. ಈ ಜಾಡಿನಲ್ಲಿಯೇ ಕೆ. ಎಸ್. ಕೃಷ್ಣನ್ ಅವರೊಡನೆ ದುಡಿದು, 1928ರ ಫೆಬ್ರವರಿ 28ರಂದು ‘ರಾಮನ್ ಪರಿಣಾಮ’ವನ್ನು ಕಂಡುಹಿಡಿದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಅವರನ್ನು ಅರಸಿ ಬಂದಿತು. ಆ ಶೋಧನೆಗೆ ಬಳಸಿದ ಸಲಕರಣೆಗಳು ಅಗ್ಗದವು, ಸರಳವಾದವು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ನಿವೃತ್ತಿಯ ಬಳಿಕ 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ತೆರೆದರು. ತಾವು ಸಂಗ್ರಹಿಸಿದ ವಜ್ರ, ಹರಳುಗಳನ್ನು ಮಕ್ಕಳಿಗೆ ತೋರಿಸಿ ವಿವರಿಸುವುದರಲ್ಲಿ ಅವರಿಗೆ ಎಲ್ಲಿಲ್ಲದ ಸಂತೋಷ. 1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಸಂಸ್ಕಾರವು ಸಂಸ್ಥೆಯ ತೋಟದಲ್ಲಿಯೇ ನೆರವೇರಿತು.

1987ರಿಂದ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. ಅಂದು ಅಂಗಡಿಯಿಂದ ತಂದ ಥರ್ಮೊಕೋಲ್ ಮಾದರಿಗಳನ್ನು ಸಾಲಾಗಿ ಇಟ್ಟರೆ ಆ ಮಹನೀಯರಿಗೆ ಗೌರವ ಸಲ್ಲಿಸಿದಂತಾಗದು. ಮಾರತ್ತಹಳ್ಳಿಯಂತಹ ಬಡಾವಣೆಗಳಲ್ಲಿ ಇಂದು ಶಾಲೆಗಳಿಗೇನೂ ಕೊರತೆಯಿಲ್ಲ. ಆದರೆ ಮಗುವಿನ ಕೈಗೆ ಉಪಕರಣ ಕೊಡುವ ತಾಳ್ಮೆ ನಮ್ಮಲ್ಲಿದೆಯೇ? ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಬೆರೆಸಿ, ಕತ್ತಲ ಕೋಣೆಯಲ್ಲಿ ಟಾರ್ಚ್ ಬೆಳಗಿಸಲಿ. ಪಕ್ಕದಿಂದ ನೋಡಿದಾಗ ನಸುನೀಲಿಯೂ, ಎದುರಿನಿಂದ ನೋಡಿದಾಗ ಹಳದಿಗೆಂಪೂ ಕಾಣುವುದು. ಆಗಸ ಹಗಲಲ್ಲಿ ನೀಲಿಯಾಗಿ, ಸಂಜೆ ಕೆಂಪಾಗಿ ಕಾಣುವುದೇಕೆಂದು ಮಗು ತಾನಾಗಿಯೇ ಕೇಳುವುದು. ಹಾಗೆ ಕೇಳಿದ ಮಗುವಿಗೆ ವಿಜ್ಞಾನದ ಭಯ ಉಳಿಯದು. ಪಾಲಕರೂ ಶಿಕ್ಷಕರೂ ಆ ಪ್ರಶ್ನೆಯನ್ನು ಗದರಿಸಿ ಅಡಗಿಸದೆ, ಮಗುವಿನೊಡನೆ ಕುಳಿತು ಉತ್ತರ ಹುಡುಕಲಿ ಎಂದು ನಾವು ಹಾರೈಸುತ್ತೇವೆ.