ಕಡಲಿನ ಕಾಣದ ಜೀವಗಳ ಶೋಧಕ ಯೋಹಾನೆಸ್ ಮ್ಯೂಲರ್

ಸಮುದ್ರಜೀವಿಗಳೆಂದೊಡನೆ ನಮಗೆ ನೆನಪಾಗುವುವು ಮೀನು, ಆಮೆ, ತಿಮಿಂಗಿಲಗಳು. ಆದರೆ ಇವೆಲ್ಲಕ್ಕೂ ಆಧಾರವಾಗಿರುವುದು ನೀರಿನಲ್ಲಿ ತೇಲುತ್ತಾ ಬದುಕುವ, ಬಹುಪಾಲು ಬರಿಗಣ್ಣಿಗೆ ಕಾಣದ ಜೀವಿಗಳ ಸಮೂಹ. ವಿಜ್ಞಾನವು ಇದನ್ನು ಪ್ಲವಕ ಅಥವಾ ಪ್ಲಾಂಕ್ಟನ್ ಎಂದು ಕರೆಯುತ್ತದೆ. ನಮ್ಮ ಕರಾವಳಿಯ ಬೂತಾಯಿ ಮೀನಿಗೂ ಇದೇ ಮುಖ್ಯ ಆಹಾರ. ಈ ಲೋಕದ ವ್ಯವಸ್ಥಿತ ಅಧ್ಯಯನಕ್ಕೆ ದಾರಿ ತೆರೆದವರಲ್ಲಿ ಪ್ರಮುಖರು ಜರ್ಮನಿಯ ಯೋಹಾನೆಸ್ ಮ್ಯೂಲರ್.

ರೈನ್ ಮತ್ತು ಮೊಸೆಲ್ ನದಿಗಳು ಸಂಗಮಿಸುವ ಕೊಬ್ಲೆಂಜ್ ನಗರದಲ್ಲಿ, ಪಾದರಕ್ಷೆ ತಯಾರಿಸುವ ಕಥೋಲಿಕ ಕುಟುಂಬವೊಂದರಲ್ಲಿ 1801ರ ಜುಲೈ 14ರಂದು ಅವರು ಜನಿಸಿದರು. ಬಾಲ್ಯದಲ್ಲಿ ಯಾಜಕರಾಗುವ ಆಲೋಚನೆ ಅವರಲ್ಲಿತ್ತು. ಆದರೆ 1819ರಲ್ಲಿ ಬಾನ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಆರಿಸಿಕೊಂಡದ್ದು ವೈದ್ಯಶಾಸ್ತ್ರವನ್ನು. 1833ರಲ್ಲಿ ಬರ್ಲಿನ್ನಿನಲ್ಲಿ ಅಂಗರಚನೆ ಹಾಗೂ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು. ಶ್ವಾನ್, ಹೆಲ್ಮ್‌ಹೋಲ್ಟ್ಸ್, ವಿರ್ಕೋವ್ ಮೊದಲಾದ ಮಹಾವಿಜ್ಞಾನಿಗಳು ಅವರ ಶಿಷ್ಯರು.

ಇಷ್ಟು ಕೀರ್ತಿ ಸಂಪಾದಿಸಿದವರು ನಡುವಯಸ್ಸಿನಲ್ಲಿ ಹೊಸ ವಿದ್ಯಾರ್ಥಿಯಂತೆ ಕಡಲತೀರಕ್ಕೆ ತೆರಳಿದರು. 1845ರಲ್ಲಿ ಉತ್ತರ ಸಮುದ್ರದ ಹೆಲ್ಗೊಲ್ಯಾಂಡ್ ದ್ವೀಪದಲ್ಲಿ ಶಿಷ್ಯರೊಡನೆ ನೀರನ್ನು ಸೋಸಿ, ದೊರೆತುದನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿದರು. ನವಿರಾದ ಬಲೆಯನ್ನು ದೋಣಿಯ ಹಿಂದೆ ಎಳೆದು ಈ ಜೀವಿಗಳನ್ನು ಸಂಗ್ರಹಿಸುವ ಕ್ರಮವನ್ನು ಅವರಿಗಿಂತ ಮೊದಲೂ ಕೆಲವರು ಅನುಸರಿಸಿದ್ದರು. ಅದನ್ನು ಸಂಶೋಧನೆಯ ಸಾಮಾನ್ಯ ವಿಧಾನವನ್ನಾಗಿ ಬೆಳೆಸಿದ ಹಿರಿಮೆ ಮ್ಯೂಲರ್ ಅವರದು.

ಹೆಲ್ಗೊಲ್ಯಾಂಡಿನಲ್ಲಿ ಅವರಿಗೆ ವಿಚಿತ್ರ ಜೀವಿಯೊಂದು ದೊರೆಯಿತು. ಚಿತ್ರಕಾರನು ಚಿತ್ರವನ್ನಿರಿಸುವ ಮುಕ್ಕಾಲಿಯಂತಿದ್ದ ಅದನ್ನು 1846ರಲ್ಲಿ ಅವರು ಹೊಸ ಪ್ರಾಣಿಯೆಂದೇ ವರ್ಣಿಸಿ, ಪ್ಲೂಟಿಯಸ್ ಎಂದು ಹೆಸರಿಟ್ಟರು. ಮುಂದೆ ತಮ್ಮ ಪರಿಶೀಲನೆಯಿಂದಲೇ ಅದು ನಕ್ಷತ್ರಮೀನಿನ ಬಂಧುವೊಂದರ ಮರಿರೂಪವೆಂದು ತಿಳಿದಾಗ, ತಪ್ಪನ್ನು ಮುಚ್ಚಿಡದೆ ತಿದ್ದಿಕೊಂಡರು. ತಾಯಿಯನ್ನು ಲೇಶವೂ ಹೋಲದ ಆ ಮರಿಗಳ ರೂಪಾಂತರದ ವಿಷಯವಾಗಿ ಏಳು ಪ್ರಬಂಧಗಳನ್ನೇ ರಚಿಸಿದರು.

ಅವರ ಬಾಳು ಸುಗಮವಾಗಿರಲಿಲ್ಲ. 1827ರಲ್ಲಿಯೇ ಅತಿಶ್ರಮದಿಂದ ಮನಸ್ಸು ಕುಸಿದಿತ್ತು. 1848ರ ಕ್ರಾಂತಿಯ ಸಮಯದಲ್ಲಿ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದ ಅವರನ್ನು ಆ ಹೊಣೆಯ ಭಾರವು ಮತ್ತೊಮ್ಮೆ ಜರ್ಜರಿತಗೊಳಿಸಿತು. ಎರಡು ಬಾರಿಯೂ ಅವರು ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ಅತ್ಯಂತ ದೊಡ್ಡ ಆಘಾತವು ಒದಗಿದ್ದು 1855ರ ಸೆಪ್ಟೆಂಬರಿನಲ್ಲಿ. ನಾರ್ವೆಯಿಂದ ಮರಳುತ್ತಿದ್ದಾಗ ಅವರಿದ್ದ ಹಡಗು ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ನೀರಿನಲ್ಲಿ ಹೋರಾಡಿದ ಮ್ಯೂಲರ್ ಬದುಕಿ ಉಳಿದರು. ಜತೆಗಿದ್ದ ಯುವ ಶಿಷ್ಯ ಶ್ಮಿಟ್ ಸಮುದ್ರದ ಪಾಲಾದರು. ಶಿಷ್ಯನನ್ನು ಕರೆದೊಯ್ದ ಗುರುವಿಗೆ ಆ ವ್ಯಥೆ ಎಂದೂ ಮಾಯದ ಗಾಯವಾಯಿತು. ಹಡಗಿನ ಪ್ರಯಾಣವನ್ನು ಅವರು ಅಲ್ಲಿಗೇ ತೊರೆದರು.

ಆದರೆ ಕಡಲಿನ ಅಧ್ಯಯನವನ್ನು ತೊರೆಯಲಿಲ್ಲ. ಮರುವರ್ಷವೇ ಮೆಡಿಟರೇನಿಯನ್ ತೀರದ ನೀಸ್ ನಗರದಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಒಂದೇ ಜೀವಕೋಶದ ದೇಹ, ಅದರೊಳಗೆ ಗಾಜಿನ ಕುಸುರಿಯಂತಹ ಅಸ್ಥಿಪಂಜರವುಳ್ಳ ಸೂಕ್ಷ್ಮಜೀವಿಗಳು ಅವರ ಕೊನೆಯ ಅಧ್ಯಯನದ ವಸ್ತುವಾದುವು. ಅವುಗಳಿಗೆ ರೇಡಿಯೊಲೇರಿಯ ಎಂಬ ಹೆಸರನ್ನಿತ್ತವರೂ ಅವರೇ. ಸುಮಾರು 50 ಪ್ರಭೇದಗಳನ್ನು ವಿವರಿಸುವ ಆ ಕೃತಿ 1858ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಏಪ್ರಿಲ್ 28ರ ಮುಂಜಾನೆ, 56ನೆಯ ವಯಸ್ಸಿನಲ್ಲಿ, ಅವರು ಹಾಸಿಗೆಯಲ್ಲಿಯೇ ನಿಧನರಾಗಿದ್ದುದು ಕಂಡುಬಂದಿತು. ಮರಣೋತ್ತರ ಪರೀಕ್ಷೆ ನಡೆಯದ ಕಾರಣ ಸಾವಿಗೆ ಕಾರಣವೇನೆಂಬುದು ಖಚಿತವಾಗಲಿಲ್ಲ. ಬರ್ಲಿನ್ನಿನ ಸಂತ ಹೆಡ್ವಿಗ್ ಕಥೋಲಿಕ ಧರ್ಮಕೇಂದ್ರದ ಶ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಅವರು ಹಾಕಿದ ದಾರಿಯಲ್ಲಿ ಶಿಷ್ಯ ಹೆಕೆಲ್ 1862ರಲ್ಲಿ ರೇಡಿಯೊಲೇರಿಯಗಳ ಬೃಹದ್ಗ್ರಂಥವನ್ನು ಹೊರತಂದರು. 1887ರಲ್ಲಿ ವಿಕ್ಟರ್ ಹೆನ್ಸೆನ್ ಈ ತೇಲುಜೀವಿಗಳಿಗೆ ಪ್ಲಾಂಕ್ಟನ್ ಎಂದು ನಾಮಕರಣ ಮಾಡಿದರು. ಭೂಮಿಯ ಮೇಲಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧಭಾಗವು ಸಾಗರದ ಸಸ್ಯಪ್ಲವಕಗಳಿಂದಲೇ ನಡೆಯುತ್ತದೆಂದು ಇಂದು ನಮಗೆ ತಿಳಿದಿದೆ.

1899ರಲ್ಲಿ ಕೊಬ್ಲೆಂಜ್ ನಗರವು ತನ್ನ ಪುತ್ರನ ಪ್ರತಿಮೆಯನ್ನು ಸ್ಥಾಪಿಸಿತು. ಬಲಿಪೀಠದ ಸೇವೆಗೆ ಹೋಗಬೇಕೆಂದಿದ್ದ ಬಾಲಕನು ಸೃಷ್ಟಿಯ ಅತ್ಯಲ್ಪ ಜೀವಿಗಳ ಮುಂದೆ ತಲೆಬಾಗಿ ಕುಳಿತು ಬಾಳನ್ನು ಸವೆಸಿದನು. ದುಃಖವು ದಾರಿಯನ್ನು ಬದಲಿಸಬಹುದು, ಕರ್ತವ್ಯವನ್ನು ಕಸಿಯಲಾರದು ಎಂಬುದಕ್ಕೆ ಅವರ ಕೊನೆಯ ಮೂರು ವರ್ಷಗಳೇ ಸಾಕ್ಷಿ.