ಮಾರ್ಗರೆಟ್ ಡೇಹಾಫ್: ಒಂದಕ್ಷರದ ಲೆಕ್ಕ

ಬ್ಲಾಸ್ಟ್ ಓಡಿಸಿದವರಿಗೆ ಪ್ರೋಟೀನ್ ಅಂದ್ರೆ ಎಂ, ಕೆ, ವಿ, ಎಲ್ ಅಂತ ಸಾಲಾಗಿ ಬರೋ ಅಕ್ಷರಗಳು. ಆ ಒಂದಕ್ಷರದ ಪದ್ಧತಿ ಕೊಟ್ಟವರು ಮಾರ್ಗರೆಟ್ ಡೇಹಾಫ್. ನಮ್ಮ ಬಯೋಟೆಕ್ ಗೆಳೆಯರಲ್ಲೇ ಎಷ್ಟೋ ಜನಕ್ಕೆ ಈ ಹೆಸರು ಹೊಸದು. ಆದರೆ ಅವರು ಮಾಡಿದ್ದು ಅಪ್ಪಟ ಕಂಪ್ಯೂಟರ್ ಕೆಲಸ.

1925ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, ಗಣಿತ ಓದಿ, 1948ರಲ್ಲಿ ಕೊಲಂಬಿಯಾದಿಂದ ಪಿಎಚ್‌ಡಿ ಪಡೆದರು. ಕಚೇರಿ ಲೆಕ್ಕಪತ್ರಕ್ಕೆಂದು ಇದ್ದ ಪಂಚ್ ಕಾರ್ಡ್ ಯಂತ್ರಗಳಲ್ಲಿ ಅಣುಗಳ ಶಕ್ತಿ ಲೆಕ್ಕ ಹಾಕಿದ್ದು ಆಗಲೇ. ಆಮೇಲೆ ಮದುವೆ, ಇಬ್ಬರು ಹೆಣ್ಣುಮಕ್ಕಳು. 1960ರಲ್ಲಿ ನ್ಯಾಷನಲ್ ಬಯೋಮೆಡಿಕಲ್ ರಿಸರ್ಚ್ ಫೌಂಡೇಷನ್ ಸೇರಿದರು.

ಆಗ ಪ್ರೋಟೀನನ್ನು ಇಡಿಯಾಗಿ ಓದೋಕೆ ಆಗ್ತಿರಲಿಲ್ಲ. ತುಂಡು ಮಾಡಿ, ತುಂಡುಗಳನ್ನು ಓದಿ, ಒಂದರ ತುದಿ ಇನ್ನೊಂದರ ಮೊದಲಿಗೆ ಹೊಂದುತ್ತಾ ಅಂತ ಕೈಯಲ್ಲೇ ನೋಡಬೇಕಿತ್ತು. ಡೇಹಾಫ್ ಮತ್ತು ರಾಬರ್ಟ್ ಲೆಡ್ಲಿ 1962ರಲ್ಲಿ ಇದಕ್ಕೆ ಐಬಿಎಂ 7090ಕ್ಕಾಗಿ ಕಾಂಪ್ರೋಟೀನ್ ಅನ್ನೋ ಪ್ರೋಗ್ರಾಂ ಬರೆದರು. ಇಂಥ ಪ್ರೋಗ್ರಾಂ ಸರಿ ಅಂತ ಹೇಗೆ ನಂಬೋದು? ಮೊದಲೇ ಸರಣಿ ಗೊತ್ತಿದ್ದ ರೈಬೋನ್ಯೂಕ್ಲಿಯೇಸನ್ನು ಕಾಗದದ ಮೇಲೆ ತುಂಡು ಮಾಡಿ ಯಂತ್ರಕ್ಕೆ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅದು ಸರಿಯಾಗಿ ಜೋಡಿಸಿತು. ಇವತ್ತು ಔಷಧ ಕಂಪನಿ ಅಥವಾ ಆಸ್ಪತ್ರೆ ಲ್ಯಾಬಿನಲ್ಲಿ ಓಪನ್ ಸೋರ್ಸ್ ಪ್ರೋಗ್ರಾಂ ಬಳಸಬೇಕಾದರೂ ವ್ಯಾಲಿಡೇಶನ್ ಶುರುವಾಗೋದು ಹೀಗೇ: ಉತ್ತರ ಗೊತ್ತಿರೋ ಸ್ಯಾಂಪಲ್ ಕೊಡು, ವರ್ಷನ್ ಬದಲಾಗದಂತೆ ಇಡು, ಎಲ್ಲ ದಾಖಲಿಸು. ಪುಕ್ಕಟೆ ಸಿಕ್ಕಿತು ಅಂತ ಬಳಸುವವರಿಗೆ ವಿನಾಯಿತಿಯೇನೂ ಇಲ್ಲ.

1965ರಲ್ಲಿ ಅವರ ತಂಡ 65 ಪ್ರೋಟೀನುಗಳ ಸರಣಿ ಸೇರಿಸಿ 'ಅಟ್ಲಾಸ್' ತಂದಿತು. ಮೂರಕ್ಷರದ ಹೆಸರುಗಳು ಕಾರ್ಡಿನಲ್ಲಿ ಜಾಗ ತಿನ್ನುತ್ತಿದ್ದವು, ಹಾಗಾಗಿ ಒಂದಕ್ಷರ. ಲೈಸಿನ್‌ಗೆ ಕೆ ಯಾಕೆ ಅಂತ ತಲೆ ಕೆಡಿಸಿಕೊಂಡವರಿಗೆ: ಎಲ್ ಲ್ಯೂಸಿನ್‌ಗೆ ಹೋಗಿತ್ತು, ಪಕ್ಕದಲ್ಲಿದ್ದದ್ದು ಕೆ! 1978ರಲ್ಲಿ 71 ಗುಂಪುಗಳ 1,572 ಬದಲಾವಣೆ ಎಣಿಸಿ ಪ್ಯಾಮ್ ಮ್ಯಾಟ್ರಿಕ್ಸ್ ಕೊಟ್ಟರು. ಬ್ಲಾಸ್ಟ್‌ನಲ್ಲಿ ಅದು ಈಗಲೂ ಇದೆ.

ಸೋತದ್ದೂ ಉಂಟು. ಅಟ್ಲಾಸನ್ನು ಮಾರಲಾಗುತ್ತಿತ್ತು, ದತ್ತಾಂಶ ಮರುಹಂಚೋಕೆ ನಿರ್ಬಂಧವಿತ್ತು. ಸರಣಿ ಕೊಟ್ಟ ವಿಜ್ಞಾನಿಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. 1982ರಲ್ಲಿ ಜೆನ್‌ಬ್ಯಾಂಕ್ ಗುತ್ತಿಗೆ, ಮುಕ್ತವಾಗಿ ಹಂಚುತ್ತೇವೆ ಎಂದ ಲಾಸ್ ಅಲಾಮಸ್ ಕಡೆಗೆ ಹೋಯಿತು. ಹಣಕ್ಕೆ ಪರದಾಡುತ್ತಿದ್ದ ಸಂಸ್ಥೆಯ ಕಷ್ಟ ನಮಗೆ ಅರ್ಥವಾಗುತ್ತೆ, ಆದರೂ ಆ ತೀರ್ಮಾನ ಸರಿ ಅಂತಲೇ ನಮಗನಿಸೋದು.

ಮರುವರ್ಷ ಫೆಬ್ರವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು, 57 ವರ್ಷ. 2011ರಲ್ಲಿ ಅಮೆರಿಕದ ಎಫ್‌ಡಿಎ ಚರ್ಮದ ಕ್ಯಾನ್ಸರಿನ ವೆಮುರಾಫೆನಿಬ್ ಮಾತ್ರೆಗೆ ಒಪ್ಪಿಗೆ ಕೊಟ್ಟಾಗ, ಯಾರಿಗೆ ಕೊಡಬೇಕು ಅಂತ ತಿಳಿಸೋ ಪರೀಕ್ಷೆಗೂ ಜೊತೆಗೇ ಒಪ್ಪಿಗೆ ಸಿಕ್ಕಿತು. ಆ ಪರೀಕ್ಷೆ ಹುಡುಕೋ ಬದಲಾವಣೆಯ ಹೆಸರು ವಿ600ಇ: 600ನೇ ಜಾಗದಲ್ಲಿ ವ್ಯಾಲಿನ್ ಹೋಗಿ ಗ್ಲುಟಾಮಿಕ್ ಆಮ್ಲ. ಎರಡೂ ಡೇಹಾಫ್ ಅಕ್ಷರಗಳೇ.